ಒಥೆಲೊ ನಾಟಕದ ಎಮಿಲಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದಲ್ಲಿ ನಾವೊಂದಷ್ಟು ಜನ ಸಂಜೆ ಹೊತ್ತು ಸೇರಿ ನಾಟಕ ಓದುತ್ತೇವೆ, ಆಮೇಲೆ ಆಡುತ್ತೇವೆ. ಹಗಲಲ್ಲಿ ಒಬ್ಬೊಬ್ಬರದು ಒಂದೊಂದು ಕೆಲಸ. ಶೇಕ್ಸ್‌ಪಿಯರ್‌ನ ಒಥೆಲೊ ಕೈಗೆತ್ತಿಕೊಂಡಾಗ ಒಥೆಲೊ ಬಗ್ಗೆ, ಇಯಾಗೋ ಬಗ್ಗೆ ಜಾಸ್ತಿ ಪ್ರಶ್ನೆ ಬರುತ್ತವೆ ಅಂದುಕೊಂಡಿದ್ದೆ. ಬಂದದ್ದು ಎಮಿಲಿಯಾ ಬಗ್ಗೆ. ಆ ಪಾರ್ಟು ಮಾಡುವ ಹುಡುಗಿ ಕೇಳಿದ್ದು, ಇಂಗ್ಲಿಷ್ ಎಂ.ಎ. ಓದುವ ಮಕ್ಕಳು ದಾವಣಗೆರೆಯಿಂದ ಫೋನ್ ಮಾಡಿ ಕೇಳಿದ್ದು, ತಾಲೀಮು ನೋಡಲು ಬಂದ ಹೆಣ್ಣುಮಕ್ಕಳು ಕೇಳಿದ್ದು, ಎಲ್ಲ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ. ಪುಸ್ತಕ ತೆಗೆದು ನೋಡುವವರಿಗೆ ಅನುಕೂಲವಾಗಲಿ ಎಂದು ಅಂಕ ಮತ್ತು ದೃಶ್ಯದ ಸಂಖ್ಯೆ ಕೊಟ್ಟಿದ್ದೇನೆ.

ಎಮಿಲಿಯಾ ಯಾರು? ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿ.

ಒಥೆಲೊ ವೆನಿಸ್ ರಾಜ್ಯದ ಸೇನಾಪತಿ, ಕಪ್ಪು ಬಣ್ಣದ ಮೂರ್, ಅಂದರೆ ಉತ್ತರ ಆಫ್ರಿಕಾ ಕಡೆಯವನು. ಡೆಸ್ಡಿಮೋನಾ ಅಲ್ಲಿನ ದೊಡ್ಡ ಮನೆತನದ ಹುಡುಗಿ. ತಂದೆಗೆ ಹೇಳದೆ ಅವನನ್ನು ಮದುವೆಯಾಗುತ್ತಾಳೆ. ಒಥೆಲೊ ಕೈಕೆಳಗೆ ಇಯಾಗೋ ಇದ್ದಾನೆ. ತನಗೆ ಬರಬೇಕಿದ್ದ ಹುದ್ದೆ ಕ್ಯಾಸಿಯೊಗೆ ಹೋಯಿತು ಎಂದು ಒಳಗೇ ಕುದಿಯುತ್ತಾನೆ. ಡೆಸ್ಡಿಮೋನಾಗೂ ಕ್ಯಾಸಿಯೊಗೂ ಸಂಬಂಧ ಇದೆ ಎಂದು ಒಥೆಲೊನ ತಲೆಗೆ ತುಂಬುತ್ತಾನೆ. ಒಥೆಲೊ ಹೆಂಡತಿಗೆ ಪ್ರೀತಿಯಿಂದ ಕೊಟ್ಟಿದ್ದ ಕರವಸ್ತ್ರವನ್ನು ಕ್ಯಾಸಿಯೊನ ಕೋಣೆಯಲ್ಲಿ ಹಾಕಿ ಅದನ್ನೇ ಸಾಕ್ಷಿ ಮಾಡುತ್ತಾನೆ. ಒಥೆಲೊ ನಂಬಿ ಹೆಂಡತಿಯನ್ನು ಕೊಲ್ಲುತ್ತಾನೆ.

ಎಮಿಲಿಯಾ ಈ ಇಯಾಗೋನ ಹೆಂಡತಿ. ಜೊತೆಗೆ ಡೆಸ್ಡಿಮೋನಾಳ ಸಖಿ, ಅವಳನ್ನು ನೋಡಿಕೊಳ್ಳುವವಳು. ಅಂದರೆ ವಿಷ ಹಾಕುವವನ ಮನೆಯಲ್ಲೂ ಅವಳೇ, ವಿಷ ಬೀಳುವ ಮನೆಯಲ್ಲೂ ಅವಳೇ. ನಾಟಕದಲ್ಲಿ ಬೇರೆ ಯಾರೂ ಈ ಎರಡೂ ಕೋಣೆಗಳಲ್ಲಿ ಓಡಾಡುವುದಿಲ್ಲ.

ಒಂದು ಕರವಸ್ತ್ರ ಎತ್ತಿ ಗಂಡನಿಗೆ ಕೊಡುವುದಷ್ಟೇ ಅಲ್ವಾ ಅವಳ ಕೆಲಸ? ಅದಕ್ಕೆ ಇಷ್ಟು ವಿಶ್ಲೇಷಣೆ ಯಾಕೆ?

ಕಥೆಯ ಸಾರಾಂಶ ಓದಿದವರಿಗೆ ಹಾಗೆ ಕಾಣುತ್ತದೆ. ನಾಟಕ ಆಡಿದವರಿಗೆ ಹಾಗೆ ಕಾಣುವುದಿಲ್ಲ. ಕರವಸ್ತ್ರ ಕೊಡುವುದು ಒಂದು ನಿಮಿಷದ ಕೆಲಸ. ಅದಾದ ಮೇಲೆ ಬಾಯಿ ಮುಚ್ಚಿಕೊಂಡಿರುವುದು ಎರಡು ಅಂಕಗಳ ಕೆಲಸ. ಎಮಿಲಿಯಾಳ ಪಾತ್ರ ಇರುವುದು ಆ ಮೌನದಲ್ಲಿ, ಮತ್ತೆ ಆ ಮೌನ ಒಡೆಯುವ ರೀತಿಯಲ್ಲಿ. ನಮ್ಮ ತಾಲೀಮಿನಲ್ಲಿ ನಾನು ಹಿಡಿದ ದಾರಿ ಇದೇ: ಅವಳು ಏನು ಮಾತಾಡುತ್ತಾಳೆ ಎಂದು ನೋಡುವ ಮೊದಲು, ಎಲ್ಲಿ ಮಾತಾಡಬೇಕಿತ್ತೋ ಅಲ್ಲಿ ಮಾತಾಡಲಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳುವುದು.

ಮೊದಲ ಪ್ರವೇಶದಲ್ಲಿ ಅವಳಿಗೆ ಮಾತೇ ಇಲ್ಲವಲ್ಲ. ಆ ದೃಶ್ಯದಲ್ಲಿ ನಟಿ ಏನು ಮಾಡಬೇಕು?

ಎರಡನೇ ಅಂಕದ ಮೊದಲ ದೃಶ್ಯ. ಯುದ್ಧಕ್ಕೆಂದು ಒಥೆಲೊನನ್ನು ಕಳಿಸಿದ ಸೈಪ್ರಸ್ ದ್ವೀಪದ ದಡಕ್ಕೆ ಹಡಗು ಬಂದಿದೆ. ಕ್ಯಾಸಿಯೊ ಮರ್ಯಾದೆಗೆ ಎಮಿಲಿಯಾಗೆ ಮುತ್ತಿಟ್ಟು ಸ್ವಾಗತಿಸುತ್ತಾನೆ. ತಕ್ಷಣ ಇಯಾಗೋ ಎಲ್ಲರ ಮುಂದೆ ಹೆಂಡತಿಯನ್ನು ಆಡಿಕೊಳ್ಳುತ್ತಾನೆ. ಇವಳ ನಾಲಿಗೆ ನನಗೆ ಗೊತ್ತು, ನಿನಗೆ ಗೊತ್ತಾದರೆ ಸಾಕಪ್ಪಾ ಅನ್ನುತ್ತೀಯ ಎಂಬ ಧಾಟಿ. ಡೆಸ್ಡಿಮೋನಾ ಆಶ್ಚರ್ಯದಿಂದ, ಪಾಪ ಇವಳು ಮಾತೇ ಆಡುವುದಿಲ್ಲವಲ್ಲ ಎನ್ನುತ್ತಾಳೆ. ಎಮಿಲಿಯಾ ಹೇಳುವುದು ಒಂದೆರಡು ಸಣ್ಣ ಮಾತು. ಹಾಗೆ ಅನ್ನಲು ನಿಮಗೇನೂ ಕಾರಣವಿಲ್ಲ ಎಂದಷ್ಟೇ.

ಈ ದೃಶ್ಯವನ್ನು ಹಗುರ ಅಂದುಕೊಂಡು ಬೇಗ ದಾಟಿಸಬೇಡಿ. ಗಂಡ ನಾಲ್ಕು ಜನರ ಮುಂದೆ ಹೀಯಾಳಿಸುತ್ತಾನೆ, ಹೆಂಡತಿ ನಕ್ಕಂತೆ ಮಾಡಿ ಸುಮ್ಮನಾಗುತ್ತಾಳೆ. ಮದುವೆ ಮನೆಗಳಲ್ಲಿ, ನೆಂಟರ ಮುಂದೆ ಇದನ್ನು ನಾವೆಲ್ಲ ನೋಡಿದ್ದೇವೆ. ಆಗ ಆ ಹೆಂಗಸಿನ ಕೈ ಏನು ಮಾಡುತ್ತಿರುತ್ತದೆ ನೋಡಿ. ಸೆರಗಿನ ತುದಿ ಸರಿಮಾಡಿಕೊಳ್ಳುತ್ತದೆ, ಬಳೆ ತಿರುಗಿಸುತ್ತದೆ. ನಮ್ಮ ಹುಡುಗಿಗೆ ನಾನು ಮಾತಿನ ಬಗ್ಗೆ ಏನೂ ಹೇಳಲಿಲ್ಲ. ಕೈಗೆ ಏನಾದರೂ ಕೆಲಸ ಕೊಡು ಎಂದೆ. ಅವಳು ಡೆಸ್ಡಿಮೋನಾಳ ಪ್ರಯಾಣದ ಗಂಟು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ದೃಶ್ಯ ನಿಂತುಕೊಂಡಿತು.

ಕರವಸ್ತ್ರ ಗಂಡನಿಗೆ ಯಾಕೆ ಕೊಟ್ಟಳು? ಕದ್ದಳು ಅನ್ನಬಹುದಾ?

ಮೂರನೇ ಅಂಕದ ಮೂರನೇ ದೃಶ್ಯ. ಒಥೆಲೊ ತಲೆನೋವು ಎನ್ನುತ್ತಾನೆ. ಡೆಸ್ಡಿಮೋನಾ ಕರವಸ್ತ್ರದಿಂದ ತಲೆಗೆ ಕಟ್ಟಲು ಹೋಗುತ್ತಾಳೆ. ಅವನು ಇದು ಚಿಕ್ಕದು ಎಂದು ತಳ್ಳುತ್ತಾನೆ, ಅದು ಕೆಳಗೆ ಬೀಳುತ್ತದೆ. ಇಬ್ಬರೂ ಒಳಗೆ ಹೋಗುತ್ತಾರೆ. ಎಮಿಲಿಯಾ ಎತ್ತಿಕೊಳ್ಳುತ್ತಾಳೆ.

ಇಲ್ಲಿ ಅವಳು ಒಂಟಿಯಾಗಿ ಆಡುವ ಮಾತು ಎಲ್ಲರೂ ಮರೆಯುವಂಥದ್ದು. ಇದನ್ನು ಕದ್ದು ತಾ ಎಂದು ಗಂಡ ನೂರು ಸಲ ಗೋಗರೆದಿದ್ದಾನೆ ಎನ್ನುತ್ತಾಳೆ. ಇಷ್ಟು ದಿನ ಕದ್ದಿಲ್ಲ. ಈಗ ಸಿಕ್ಕಿದೆ. ಇದೇ ಕಸೂತಿಯ ಇನ್ನೊಂದು ಪ್ರತಿ ಮಾಡಿಸಿ ಇಯಾಗೋಗೆ ಕೊಡುತ್ತೇನೆ ಎಂದು ಯೋಚಿಸುತ್ತಾಳೆ. ಗಮನಿಸಿ, ಅವಳ ಲೆಕ್ಕದಲ್ಲಿ ಅಸಲು ಡೆಸ್ಡಿಮೋನಾಗೆ ವಾಪಸ್ ಹೋಗುತ್ತಿತ್ತು, ನಕಲು ಗಂಡನಿಗೆ. ಇಬ್ಬರೂ ಖುಷಿಯಾಗಿರಲಿ ಎಂಬ ಆಸೆ.

ಅಷ್ಟರಲ್ಲಿ ಇಯಾಗೋ ಬರುತ್ತಾನೆ. ಬಂದವನೇ ಬೈಗುಳದ ಧಾಟಿಯಲ್ಲೇ ಶುರುಮಾಡುತ್ತಾನೆ. ನಿಮಗೊಂದು ವಸ್ತು ತಂದಿದ್ದೇನೆ ಎಂದು ಅವಳು ಆಸೆಯಿಂದ ಹೇಳಿದರೆ ಅದಕ್ಕೂ ಕೊಂಕು ತೆಗೆಯುತ್ತಾನೆ. ಕರವಸ್ತ್ರ ಎಂದಾಗ ಮಾತ್ರ ಮುಖ ಅರಳುತ್ತದೆ, ಕಸಿದುಕೊಳ್ಳುತ್ತಾನೆ. ಅವಳು ಕೇಳುತ್ತಾಳೆ: ಏನೂ ಮುಖ್ಯ ಕೆಲಸ ಇಲ್ಲದಿದ್ದರೆ ವಾಪಸ್ ಕೊಡಿ, ಇದು ಕಾಣದಿದ್ದರೆ ಪಾಪ ಅವಳಿಗೆ ಹುಚ್ಚು ಹಿಡಿಯುತ್ತದೆ. ನೀನು ಹೋಗು ಎನ್ನುತ್ತಾನೆ. ಹೋಗುತ್ತಾಳೆ.

ಕಳ್ಳಿ ಎಂದು ನಾನು ಹೇಳುವುದಿಲ್ಲ. ಮುಗ್ಧೆ ಎಂದೂ ಹೇಳುವುದಿಲ್ಲ. ಸದಾ ಕಿರಿಕಿರಿ ಮಾಡುವ ಗಂಡನಿಂದ ಒಂದು ಒಳ್ಳೆಯ ಮಾತು ಸಿಗಲಿ ಎಂದು ಬೇರೆಯವರ ವಸ್ತು ಕೊಟ್ಟವಳು. ಕೊಟ್ಟ ಕ್ಷಣವೇ ತಪ್ಪು ಎಂದು ಗೊತ್ತಾದವಳು.

ಡೆಸ್ಡಿಮೋನಾ ಹುಡುಕುವಾಗ ಗೊತ್ತಿಲ್ಲ ಎಂದು ಸುಳ್ಳು ಹೇಳುತ್ತಾಳೆ. ಅದು ನಾಟಕ ಮುಂದೆ ಹೋಗಲಿ ಎಂದು ಇಟ್ಟ ಸುಳ್ಳು ತಾನೆ?

ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಈ ಪಾತ್ರದ ಕೀಲಿಯೂ ಇಲ್ಲೇ ಇದೆ.

ಮೂರನೇ ಅಂಕ, ನಾಲ್ಕನೇ ದೃಶ್ಯ. ಕರವಸ್ತ್ರ ಎಲ್ಲಿ ಕಳೆದುಕೊಂಡೆನೋ ಎಂದು ಡೆಸ್ಡಿಮೋನಾ ಕೇಳುತ್ತಾಳೆ. ನನಗೆ ಗೊತ್ತಿಲ್ಲ ಅಮ್ಮಾ ಎಂದು ಎಮಿಲಿಯಾ ಉತ್ತರಿಸುತ್ತಾಳೆ. ಇಲ್ಲಿಗೆ ಇದೊಂದು ಸಣ್ಣ ಸುಳ್ಳು. ಗಂಡನನ್ನು ಕೇಳಿ ವಾಪಸ್ ತಂದಿಡೋಣ ಎಂಬ ಯೋಚನೆ ಇದ್ದಿರಬಹುದು.

ಆಮೇಲೆ ಒಥೆಲೊ ಬರುತ್ತಾನೆ. ಕರವಸ್ತ್ರ ಎಲ್ಲಿ ಎಂದು ಕೇಳುತ್ತಾನೆ. ಅದು ತನ್ನ ತಾಯಿಗೆ ಮಂತ್ರಗಾತಿ ಕೊಟ್ಟದ್ದು, ಕಳೆದರೆ ಕೇಡು ಎಂದು ಹೆದರಿಸುತ್ತಾನೆ. ಕುಡಿದು ಜಗಳವಾಡಿ ಹುದ್ದೆ ಕಳೆದುಕೊಂಡಿದ್ದ ಕ್ಯಾಸಿಯೊಗೆ ಕೆಲಸ ವಾಪಸ್ ಕೊಡಿಸಬೇಕು ಎಂದು ಡೆಸ್ಡಿಮೋನಾ ಅದೇ ಹೊತ್ತಿನಲ್ಲಿ ಹಟ ಹಿಡಿಯುತ್ತಾಳೆ. ಅವನು ಕರವಸ್ತ್ರ, ಕರವಸ್ತ್ರ ಎಂದು ಕೂಗುತ್ತಾ ಹೊರಟುಹೋಗುತ್ತಾನೆ. ಇಷ್ಟೂ ಹೊತ್ತು ಎಮಿಲಿಯಾ ಅಲ್ಲೇ ನಿಂತಿದ್ದಾಳೆ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾಲ್ಕು ಜೀವ ಉಳಿಯುತ್ತಿದ್ದವು.

ಹೇಳಲಿಲ್ಲ. ಒಥೆಲೊ ಹೋದ ಮೇಲೆ ಅವಳು ಆಡುವ ಮಾತು ನೋಡಿ. ಇವನಿಗೆ ಸಂಶಯ ಹಿಡಿದಿಲ್ಲವೇ ಎಂದು ಕೇಳುತ್ತಾಳೆ. ನಂತರ ಗಂಡಸರೆಲ್ಲ ಬರೀ ಹೊಟ್ಟೆ, ನಾವು ಅವರ ಅನ್ನ, ತುಂಬಿದ ಮೇಲೆ ಕಕ್ಕುತ್ತಾರೆ ಎಂಬ ಅರ್ಥದ ಕಹಿ ಮಾತು ಬರುತ್ತದೆ. ಎಷ್ಟು ನಿಜವಾದ ಮಾತು! ಆದರೆ ಅದು ಎಲ್ಲ ಗಂಡಸರ ಬಗ್ಗೆ. ತನ್ನ ಗಂಡನ ಬಗ್ಗೆ ಅಲ್ಲ. ಸಾಮಾನ್ಯ ಸತ್ಯ ಹೇಳಿ ನಿರ್ದಿಷ್ಟ ಸತ್ಯವನ್ನು ನುಂಗಿಕೊಳ್ಳುತ್ತಾಳೆ. ಅದೇ ಹೊತ್ತಿಗೆ ಇಯಾಗೋ ರಂಗದ ಮೇಲೆ ಕಾಣಿಸಿಕೊಳ್ಳುತ್ತಾನೆ. ಅವನು ಬಂದುದನ್ನು ಹೇಳುವವಳೂ ಅವಳೇ: ಅಗೋ ನೋಡಿ, ಕ್ಯಾಸಿಯೊ ಮತ್ತು ನನ್ನ ಗಂಡ. ನುಂಗಿದ್ದು ಒಳಗೇ ಉಳಿಯಿತು.

ಹಾಗಾಗಿ ಇದು ಕಥೆ ಓಡಿಸಲು ಇಟ್ಟ ಸುಳ್ಳು ಎಂದು ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಜಗಳ ಬೇಡ ಎಂದು ದಿನಾ ಸಣ್ಣ ಸಣ್ಣ ಸತ್ಯ ಮುಚ್ಚಿಡುವವರಿಗೆ ಒಂದು ದಿನ ದೊಡ್ಡ ಸತ್ಯ ಎದುರು ಬಂದರೂ ಅದೇ ಅಭ್ಯಾಸ ಬಾಯಿ ಕಟ್ಟುತ್ತದೆ. ತಾಲೀಮು ನೋಡಲು ಬಂದಿದ್ದ ಒಬ್ಬ ಹಿರಿಯ ಹೆಂಗಸು ಈ ದೃಶ್ಯ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಹೇಳ್ಬೇಕು ಅನ್ಸುತ್ತೆ, ಆದ್ರೆ ಹೇಳಿದ್ರೆ ರಾತ್ರಿ ಮನೆಗೇ ಹೋಗ್ಬೇಕಲ್ಲಪ್ಪಾ" ಎಂದರು. ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಕೇಳಿಲ್ಲ.

ನಮ್ಮ ನಾಟಕಗಳಲ್ಲಿ ಇಂಥ ಸಖಿ ಇದ್ದಾಳಾ?

ಶಾಕುಂತಲದ ಅನಸೂಯೆ, ಪ್ರಿಯಂವದೆಯರನ್ನು ನೆನಪಿಸಿಕೊಳ್ಳಿ. ನಾಲ್ಕನೇ ಅಂಕದಲ್ಲಿ ದೂರ್ವಾಸರ ಶಾಪ ಅವರ ಕಿವಿಗೆ ಬೀಳುತ್ತದೆ. ಶಕುಂತಲೆಗೆ ಹೇಳುವುದಿಲ್ಲ. ಮೃದು ಮನಸ್ಸು, ತಡೆಯಲಾರಳು ಎಂದು ಮುಚ್ಚಿಡುತ್ತಾರೆ. ರಾಜ ಗುರುತು ಹಿಡಿಯದಿದ್ದರೆ ಉಂಗುರ ತೋರಿಸು ಎಂದಷ್ಟೇ ಹೇಳಿ ಕಳಿಸುತ್ತಾರೆ. ಉಂಗುರ ದಾರಿಯಲ್ಲೇ ನೀರಿಗೆ ಬೀಳುತ್ತದೆ.

ಎರಡೂ ಕಡೆ ಒಂದು ಪ್ರೀತಿಯ ವಸ್ತು ಕಳೆದುಹೋಗುತ್ತದೆ. ಎರಡೂ ಕಡೆ ಸಖಿಗೆ ಗೊತ್ತಿರುವುದು ನಾಯಕಿಗೆ ಗೊತ್ತಿಲ್ಲ. ಆದರೆ ಆ ಗೆಳತಿಯರ ಮೌನ ಪ್ರೀತಿಯದ್ದು, ಎಮಿಲಿಯಾಳದ್ದು ಭಯ ಮತ್ತು ಅಭ್ಯಾಸದ್ದು. ಅಲ್ಲಿ ಮೀನಿನ ಹೊಟ್ಟೆಯಿಂದ ಉಂಗುರ ವಾಪಸ್ ಬರುತ್ತದೆ, ಗಂಡ ಹೆಂಡತಿ ಸೇರುತ್ತಾರೆ. ಇಲ್ಲಿ ಕರವಸ್ತ್ರದ ನಿಜ ಹೊರಬರುವ ಹೊತ್ತಿಗೆ ಡೆಸ್ಡಿಮೋನಾ ಸತ್ತಿರುತ್ತಾಳೆ. ಒಂದು ನಾಟಕ ಸುಖಾಂತ, ಇನ್ನೊಂದು ದುರಂತ ಆಗಿದ್ದು ಈ ತಡದಿಂದ.

ಕನ್ನಡದಲ್ಲಿ ಈ ಎರಡು ಕಥೆಗಳಿಗೂ ಒಂದೇ ಕೈ ತಾಗಿದೆ. ಶಾಕುಂತಲವನ್ನು ಕನ್ನಡಕ್ಕೆ ತಂದ ಬಸವಪ್ಪ ಶಾಸ್ತ್ರಿಗಳೇ ಒಥೆಲೊ ಕಥೆಯನ್ನು ಶೂರಸೇನ ಚರಿತ್ರೆ ಎಂದು ಬರೆದರು. ಅದು 19ನೇ ಶತಮಾನದ ಮಾತು.

ಗಂಡನ ಸಂಚು ಎಮಿಲಿಯಾಗೆ ಮೊದಲೇ ಗೊತ್ತಿತ್ತಾ?

ಪೂರ್ತಿ ಗೊತ್ತಿರಲಿಲ್ಲ. ಅನುಮಾನ ಬಂದಿತ್ತು, ಅದನ್ನು ತಳ್ಳಿಹಾಕಿದ್ದಳು ಎಂದು ನನ್ನ ಓದು.

ನಾಲ್ಕನೇ ಅಂಕದ ಎರಡನೇ ದೃಶ್ಯ ನೋಡಿ. ಒಥೆಲೊ ಹೆಂಡತಿಯನ್ನು ಸೂಳೆ ಎಂದು ಬೈದು ಹೋಗಿದ್ದಾನೆ. ಎಮಿಲಿಯಾ ಸಿಟ್ಟಿನಿಂದ, ಯಾವನೋ ಒಬ್ಬ ನೀಚ, ಏನೋ ಹುದ್ದೆ ಗಿಟ್ಟಿಸಲು ಈ ಚಾಡಿ ಹೇಳಿದ್ದಾನೆ, ಅಲ್ಲ ಅಂದರೆ ನನ್ನನ್ನು ನೇಣು ಹಾಕಿ ಎನ್ನುತ್ತಾಳೆ. ಅಕ್ಷರ ಅಕ್ಷರವೂ ಸರಿ. ಆ ನೀಚ ಪಕ್ಕದಲ್ಲೇ ನಿಂತಿದ್ದಾನೆ. ಮೆಲ್ಲಗೆ ಮಾತಾಡು, ಹೊರಗೆ ಕೇಳಿಸುತ್ತದೆ ಎನ್ನುತ್ತಾನೆ. ಆಗ ಅವಳು ಇನ್ನೊಂದು ವಿಷಯ ತೆಗೆಯುತ್ತಾಳೆ: ನನಗೂ ಒಥೆಲೊಗೂ ಸಂಬಂಧ ಇದೆ ಎಂದು ನಿಮ್ಮ ತಲೆ ಕೆಡಿಸಿದವನೂ ಇಂಥವನೇ ಒಬ್ಬ. ಅಂದರೆ ಅವಳೂ ಕಾರಣವಿಲ್ಲದ ಸಂಶಯವನ್ನು ಮನೆಯಲ್ಲಿ ಅನುಭವಿಸಿದವಳು. ಸಂಶಯಕ್ಕೆ ಕಾರಣ ಬೇಕಿಲ್ಲ, ಅದು ತನ್ನಷ್ಟಕ್ಕೆ ತಾನೇ ಹುಟ್ಟುವ ಭೂತ ಎಂದು ಅವಳು ಹಿಂದಿನ ಅಂಕದಲ್ಲಿ ಹೇಳಿದ್ದು ಪುಸ್ತಕದ ಜ್ಞಾನ ಅಲ್ಲ.

ಕೊನೆಯ ದೃಶ್ಯದಲ್ಲಿ ನಿಜ ಹೊಳೆಯುವಾಗ ಅವಳ ಬಾಯಿಂದ ಒಂದು ಮಾತು ಜಾರುತ್ತದೆ. ನನಗೆ ಆಗಲೇ ಹಾಗನ್ನಿಸಿತ್ತು ಎನ್ನುತ್ತಾಳೆ. ಯಾವಾಗ? ಕರವಸ್ತ್ರ ಕೊಟ್ಟಾಗಲೋ, ಪಕ್ಕದಲ್ಲಿ ನಿಂತು ಬೈದಾಗಲೋ? ಶೇಕ್ಸ್‌ಪಿಯರ್ ಬಿಡಿಸಿ ಹೇಳುವುದಿಲ್ಲ. ನಟಿಯೇ ತೀರ್ಮಾನ ಮಾಡಿಕೊಳ್ಳಬೇಕು. ನಮ್ಮ ಹುಡುಗಿ ಆರಿಸಿಕೊಂಡದ್ದು ಆ ಮೆಲ್ಲಗೆ ಮಾತಾಡು ಎಂಬ ಕ್ಷಣವನ್ನು. ಅಲ್ಲಿ ಒಂದು ಸಲ ಗಂಡನ ಮುಖ ನೋಡಿ ತಕ್ಷಣ ಕಣ್ಣು ತಗ್ಗಿಸುತ್ತಾಳೆ. ನೋಡುವವರಲ್ಲಿ ಅರ್ಧ ಜನಕ್ಕೆ ಅದು ಕಾಣುವುದೂ ಇಲ್ಲ. ಆದರೆ ಕೊನೆಯ ದೃಶ್ಯಕ್ಕೆ ಅವಳಿಗೆ ಅದು ಬೇಕು.

ಶೇಕ್ಸ್‌ಪಿಯರ್ ಈ ಪಾತ್ರವನ್ನು ಎಲ್ಲಿಂದ ತಂದ?

ಇಟಲಿಯ ಚಿಂತಿಯೊ 1565ರಲ್ಲಿ ಪ್ರಕಟಿಸಿದ ಕಥೆಯಿಂದ. ಅಲ್ಲಿ ಈ ಹೆಂಡತಿಗೆ ಸಂಚೆಲ್ಲ ಗೊತ್ತಿರುತ್ತದೆ, ಗಂಡನ ಭಯಕ್ಕೆ ಬಾಯಿ ಬಿಡುವುದಿಲ್ಲ. ಕರವಸ್ತ್ರವನ್ನು ಕದಿಯುವವನೂ ಗಂಡನೇ. ಎಲ್ಲ ಮುಗಿದ ಮೇಲೆ ಅವಳು ಬದುಕುಳಿದು ಕಥೆ ಹೇಳುತ್ತಾಳೆ.

ಶೇಕ್ಸ್‌ಪಿಯರ್ ಎರಡು ಬದಲಾವಣೆ ಮಾಡಿದ. ಗೊತ್ತಿದ್ದ ತಪ್ಪನ್ನು ತೆಗೆದು ಕರವಸ್ತ್ರವನ್ನು ಅವಳ ಕೈಗೆ ಕೊಟ್ಟ. ಉಳಿದು ಹೇಳುವವಳನ್ನು ಹೇಳಿ ಸಾಯುವವಳನ್ನಾಗಿ ಮಾಡಿದ. ಪಾತ್ರ ಎದ್ದು ನಿಂತದ್ದು ಈ ಎರಡು ಬದಲಾವಣೆಯಿಂದ.

ಆ ಕಾಲದಲ್ಲಿ ಎಮಿಲಿಯಾ ಪಾರ್ಟನ್ನು ಹೆಂಗಸರು ಮಾಡುತ್ತಿದ್ದರಾ?

ಇಲ್ಲ, ಹುಡುಗರು. 1604ರ ನವೆಂಬರ್ 1ರಂದು ಲಂಡನ್ ಅರಮನೆಯಲ್ಲಿ ಆಡಿದಾಗಲೂ ಹುಡುಗರೇ. ನಮ್ಮ ಕಂಪನಿ ನಾಟಕಗಳಲ್ಲೂ ಬಯಲಾಟದಲ್ಲೂ ಹೀಗೇ ಇತ್ತಲ್ಲ.

ನಾಲ್ಕನೇ ಅಂಕದ ಕೊನೆಯ ದೃಶ್ಯದಲ್ಲಿ ಅವಳ ಉದ್ದ ಮಾತು ಇದೆ. ನಾಟಕ ಉದ್ದವಾಗುತ್ತದೆ, ಬಿಡಬಹುದಾ?

ದಯವಿಟ್ಟು ಬಿಡಬೇಡಿ. ಬಿಟ್ಟವರು ಹಿಂದೆಯೂ ಇದ್ದಾರೆ. 1622ರಲ್ಲಿ ಅಚ್ಚಾದ ಬಿಡಿ ಪುಸ್ತಕದಲ್ಲಿ ಈ ಮಾತು ಇಲ್ಲ, ಡೆಸ್ಡಿಮೋನಾಳ ವಿಲೋ ಮರದ ಹಾಡೂ ಇಲ್ಲ. 1623ರ ದೊಡ್ಡ ಸಂಪುಟದಲ್ಲಿ ಎರಡೂ ಇವೆ. ಎರಡನ್ನೂ ಓದಿ ನೋಡಿ, ಏನು ಕಳೆದುಹೋಗುತ್ತದೆ ಎಂದು ತಾನಾಗಿ ಗೊತ್ತಾಗುತ್ತದೆ.

ರಾತ್ರಿ ಮಲಗುವ ಹೊತ್ತು. ಎಮಿಲಿಯಾ ಡೆಸ್ಡಿಮೋನಾಳ ಬಟ್ಟೆಯ ಪಿನ್ನು ಬಿಚ್ಚುತ್ತಿದ್ದಾಳೆ. ಮದುವೆಯ ದಿನದ ಹಾಸು ಹಾಸಿದ್ದಾಳೆ. ಗಂಡನಿಗೆ ಮೋಸ ಮಾಡುವ ಹೆಂಗಸರು ನಿಜಕ್ಕೂ ಇದ್ದಾರಾ, ಇಡೀ ಲೋಕ ಕೊಟ್ಟರೆ ನೀನು ಮಾಡುತ್ತೀಯಾ ಎಂದು ಡೆಸ್ಡಿಮೋನಾ ಕೇಳುತ್ತಾಳೆ. ಲೋಕ ಬಹಳ ದೊಡ್ಡದು ಅಮ್ಮಾ, ಸಣ್ಣ ತಪ್ಪಿಗೆ ದೊಡ್ಡ ಬೆಲೆ ಎಂದು ಎಮಿಲಿಯಾ ಮೊದಲು ತಮಾಷೆ ಮಾಡುತ್ತಾಳೆ. ನಂತರ ದನಿ ಬದಲಾಗುತ್ತದೆ. ಹೆಂಡತಿಯರು ಜಾರಿದರೆ ತಪ್ಪು ಗಂಡಂದಿರದ್ದು. ಹೊಡೆಯುತ್ತಾರೆ, ಸಂಶಯ ಪಡುತ್ತಾರೆ, ಕಟ್ಟಿಹಾಕುತ್ತಾರೆ. ಅವರಿಗಿರುವ ಹಾಗೆ ನಮಗೂ ಕಣ್ಣಿದೆ, ಮೂಗಿದೆ, ಸಿಹಿ ಹುಳಿ ತಿಳಿಯುವ ನಾಲಿಗೆಯಿದೆ ಎಂದು ಬಿಡಿಸಿ ಹೇಳುತ್ತಾಳೆ.

ಇದು ಭಾಷಣ ಆಗಬಾರದು. ನಮ್ಮಲ್ಲಿ ಮೊದಲ ಸಲ ಓದಿದಾಗ ಹುಡುಗಿ ಪ್ರೇಕ್ಷಕರ ಕಡೆ ತಿರುಗಿ ಕೈ ಎತ್ತಿ ಹೇಳಿದಳು. ಚಪ್ಪಾಳೆ ಬಂತು, ದೃಶ್ಯ ಸತ್ತಿತು. ಆಮೇಲೆ ಜಡೆ ಬಿಚ್ಚುತ್ತಾ, ಹಣಿಗೆಯಿಂದ ಸಿಕ್ಕು ಬಿಡಿಸುತ್ತಾ ಹೇಳು ಎಂದೆವು. ಸಿಕ್ಕಿಗೆ ಹಣಿಗೆ ಸಿಕ್ಕಿಹಾಕಿಕೊಂಡಾಗ ಮಾತು ನಿಲ್ಲುತ್ತದೆ, ಬಿಡಿಸಿದಾಗ ಮುಂದುವರಿಯುತ್ತದೆ. ಒಂದು ಅಡುಗೆಮನೆ ಮಾತಿನ ಹಾಗೆ ಕೇಳಿಸಿತು. ಅವತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕೊನೆಯ ದೃಶ್ಯದಲ್ಲಿ ನನ್ನ ಗಂಡನಾ, ನನ್ನ ಗಂಡನಾ ಎಂದು ಯಾಕೆ ಮತ್ತೆ ಮತ್ತೆ ಕೇಳುತ್ತಾಳೆ?

ಡೆಸ್ಡಿಮೋನಾ ಸಾಯುತ್ತಿದ್ದಾಳೆ. ಕೊಂದವರು ಯಾರು ಎಂದರೆ ಯಾರೂ ಇಲ್ಲ, ನಾನೇ ಎಂದು ಗಂಡನನ್ನು ಉಳಿಸಿ ಪ್ರಾಣ ಬಿಡುತ್ತಾಳೆ. ಕೊಂದವನು ನಾನು ಎಂದು ಒಥೆಲೊ ಒಪ್ಪುತ್ತಾನೆ. ಅವಳು ಕೆಟ್ಟವಳು, ನಿನ್ನ ಗಂಡನನ್ನೇ ಕೇಳು ಎನ್ನುತ್ತಾನೆ. ನನ್ನ ಗಂಡನಾ ಎನ್ನುತ್ತಾಳೆ ಎಮಿಲಿಯಾ. ಅವನು ಏನೇ ಹೇಳಿದರೂ ಅದೇ ಪ್ರಶ್ನೆ.

ಕಿವಿ ಕೇಳಿಸದವಳಂತೆ ಆಡಿದರೆ ಜನ ನಗುತ್ತಾರೆ. ಪ್ರತಿ ಸಲವೂ ಅದು ಬೇರೆ ಪ್ರಶ್ನೆ. ಮೊದಲನೆಯದು ಅರ್ಥವಾಗದೆ. ಆಮೇಲೆ ಬರುವುದು ಅರ್ಥವಾಗಬಾರದಪ್ಪಾ ಎಂಬ ಬೇಡಿಕೆ. ಕೊನೆಯದು ಕೇಳುವ ಹೊತ್ತಿಗೆ ಅವಳಿಗೆ ಉತ್ತರ ಗೊತ್ತಾಗಿದೆ. ಇಷ್ಟು ವರ್ಷ ಜೊತೆಯಲ್ಲಿ ಉಂಡು ಮಲಗಿದ ಮನುಷ್ಯ ಯಾರು ಎಂಬುದು ಆ ಒಂದು ಮಾತಿನೊಳಗೆ ಬಿಚ್ಚಿಕೊಳ್ಳುತ್ತದೆ.

ಆಮೇಲೆ ಅವಳನ್ನು ತಡೆಯುವವರಿಲ್ಲ. ಒಥೆಲೊ ಕತ್ತಿ ತೋರಿಸಿದರೆ, ಇಪ್ಪತ್ತು ಜೀವ ಹೋದರೂ ಹೇಳೇ ಹೇಳುತ್ತೇನೆ ಎನ್ನುತ್ತಾಳೆ. ಕೂಗಿ ಜನ ಸೇರಿಸುತ್ತಾಳೆ. ಇಯಾಗೋ ಮನೆಗೆ ನಡಿ ಎನ್ನುತ್ತಾನೆ. ಗಂಡನ ಮಾತು ಕೇಳುವುದು ನನ್ನ ಧರ್ಮ, ಆದರೆ ಈಗಲ್ಲ. ಬಹುಶಃ ನಾನಿನ್ನು ಮನೆಗೆ ಹೋಗುವುದೇ ಇಲ್ಲ ಎನ್ನುತ್ತಾಳೆ. ಆ ಹಿರಿಯ ಹೆಂಗಸಿನ ಮಾತು ನೆನಪಿಸಿಕೊಳ್ಳಿ. ರಾತ್ರಿ ಮನೆಗೇ ಹೋಗಬೇಕಲ್ಲ ಎಂಬ ಭಯ ಅವಳನ್ನು ಸುಮ್ಮನಿರಿಸಿತ್ತು. ಮನೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸಿದ ಕ್ಷಣ ಬಾಯಿ ಬಂತು. ಕರವಸ್ತ್ರ ಸಿಕ್ಕಿದ್ದು ನನಗೆ, ಕೊಟ್ಟದ್ದು ಗಂಡನಿಗೆ ಎಂದು ತನ್ನ ತಪ್ಪನ್ನೂ ಸೇರಿಸಿಯೇ ಹೇಳುತ್ತಾಳೆ. ಅವನು ಇರಿದು ಓಡುತ್ತಾನೆ.

ಕನ್ನಡದಲ್ಲಿ ಆಡುವಾಗ ಅವಳು ಗಂಡನನ್ನು ಹೇಗೆ ಕರೆಯಬೇಕು? ನೀವು ಅನ್ನಬೇಕಾ, ನೀನು ಅನ್ನಬೇಕಾ?

ನಾವು ಮೊದಲ ನಾಲ್ಕು ಅಂಕಗಳಲ್ಲೂ ರೀ, ನೀವು ಎಂದೇ ಇಟ್ಟೆವು. ಡೆಸ್ಡಿಮೋನಾಗೆ ಅಮ್ಮಾ. ಒಥೆಲೊಗೆ ಒಡೆಯಾ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೆಂಡತಿ ಎಷ್ಟೇ ಸಿಟ್ಟಿನಲ್ಲಿದ್ದರೂ ಆ ರೀ ಬಿಡುವುದಿಲ್ಲ.

ಐದನೇ ಅಂಕದಲ್ಲಿ ಇಯಾಗೋ ಒಳಗೆ ಬಂದಾಗ ಮೊದಲ ಸಲ ನೀನು ಬರುತ್ತದೆ. ನೀನು ಗಂಡಸಾಗಿದ್ದರೆ ಇವನ ಮಾತು ಸುಳ್ಳು ಅಂತ ಹೇಳು. ಏಕವಚನ ಕೇಳಿದ ಕೂಡಲೇ ಹಿಂದಿನ ಸಾಲಿನವರೂ ಸೆಟೆದು ಕೂತರು. ಮೂಲದಲ್ಲೂ ಅವಳು ಇಲ್ಲಿ ಗಂಡನಿಗೆ ಏಕವಚನಕ್ಕೆ ಇಳಿಯುತ್ತಾಳೆ, ಆದರೆ ಮತ್ತೆ ಬಹುವಚನಕ್ಕೂ ಹೋಗುತ್ತಾಳೆ. ಕನ್ನಡದಲ್ಲಿ ಹಾಗೆ ಹಿಂದೆ ಮುಂದೆ ಹೋದರೆ ಏಟು ಮೆತ್ತಗಾಗುತ್ತದೆ. ಒಮ್ಮೆ ಇಳಿದ ಮೇಲೆ ಇಳಿದದ್ದೇ. ಇದಕ್ಕಾಗಿಯೇ ಮೊದಲ ನಾಲ್ಕು ಅಂಕಗಳಲ್ಲಿ ರೀ ಎಂಬುದನ್ನು ಒಂದು ಸಲವೂ ತಪ್ಪಿಸಬೇಡಿ.

ಎಮಿಲಿಯಾ ಒಳ್ಳೆಯವಳಾ? ಒಥೆಲೊಗೆ ಬಣ್ಣ ಹಿಡಿದು ಬೈಯುತ್ತಾಳಲ್ಲ?

ಬೈಯುತ್ತಾಳೆ. ಕೊನೆಯ ದೃಶ್ಯದಲ್ಲಿ ಡೆಸ್ಡಿಮೋನಾಳನ್ನು ದೇವತೆ, ಒಥೆಲೊನನ್ನು ಕರಿಯ ಪಿಶಾಚಿ ಎಂದು ಕರೆಯುತ್ತಾಳೆ. ಹಿಂದಿನ ದೃಶ್ಯದಲ್ಲಿ ಬಿಯಾಂಕಾ ಎಂಬ ಬಡ ಹೆಣ್ಣನ್ನು ಸೂಳೆ ಎಂದು ಬೈದಿದ್ದಾಳೆ. ನಾನೂ ನಿನ್ನಷ್ಟೇ ಮರ್ಯಾದಸ್ಥೆ ಎಂದು ಬಿಯಾಂಕಾ ತಿರುಗಿಸಿ ಹೇಳುತ್ತಾಳೆ. ಡೆಸ್ಡಿಮೋನಾಳ ಮೇಲೆ ಬಿದ್ದ ಅದೇ ಕೆಟ್ಟ ಪದವನ್ನು ಎಮಿಲಿಯಾ ಇನ್ನೊಬ್ಬಳ ಮೇಲೆ ಎಸೆಯುತ್ತಾಳೆ.

ಅವಳು ಹೇಳುವ ಸತ್ಯ ದೊಡ್ಡದು. ಆದರೆ ಅವಳ ಬಾಯಲ್ಲಿ ಅವಳ ಊರಿನ ಕೊಳೆಯೂ ಇದೆ. ಎರಡನ್ನೂ ಇಟ್ಟುಕೊಳ್ಳಬೇಕು ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಮೈಬಣ್ಣದ ಬೈಗುಳಕ್ಕೆ ನಮ್ಮ ಜನ ನಗುವ ಅಪಾಯ ಇದೆ, ಯಾಕೆಂದರೆ ನಮ್ಮ ಮನೆಗಳಲ್ಲೂ ಅದು ಇದೆ. ಒಥೆಲೊ ಪಾತ್ರಧಾರಿಗೆ ಮುಖಕ್ಕೆ ಕರಿ ಬಳಿಯಲಿಲ್ಲ. ಬೈಗುಳ ಬಂದಾಗ ಅವನು ಉತ್ತರ ಕೊಡದೆ ತನ್ನ ಅಂಗೈ ನೋಡಿಕೊಳ್ಳುತ್ತಾನೆ. ಯಾರೂ ನಗಲಿಲ್ಲ.

ಎಮಿಲಿಯಾಳನ್ನು ನಮ್ಮ ಒನಕೆ ಓಬವ್ವನಿಗೆ ಹೋಲಿಸಬಹುದಾ?

ದುರ್ಗದ ಮಕ್ಕಳು ಈ ಪ್ರಶ್ನೆ ಕೇಳದೆ ಇರುವುದಿಲ್ಲ. ಕೇಳಬೇಕಾದದ್ದೇ. ಇಬ್ಬರೂ ಕೋಟೆಯೊಳಗೆ ಕೆಲಸ ಮಾಡುವವನ ಹೆಂಡತಿಯರು. ದೊಡ್ಡವರ ಕಥೆಯಲ್ಲಿ ಹೆಸರಿಲ್ಲದೆ ಹೋಗಬೇಕಾಗಿದ್ದವರು. ಮದಕರಿ ನಾಯಕ, ಹೈದರಾಲಿ ಎಂದು ಹೇಳುವ ಚರಿತ್ರೆಯಲ್ಲಿ ಕಾವಲುಗಾರ ಊಟಕ್ಕೆ ಕೂತಾಗ ಕಿಂಡಿಯ ಹತ್ತಿರ ಹೋದವಳು ನಮಗೆ ಇವತ್ತಿಗೂ ನೆನಪಿರುವವಳು. ಓಬವ್ವನ ಕಿಂಡಿ ನೋಡದೆ ಯಾರೂ ಕೋಟೆ ಇಳಿಯುವುದಿಲ್ಲ.

ಆದರೆ ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಓಬವ್ವನಿಗೆ ಶತ್ರು ಹೊರಗಿನಿಂದ ತೂರಿ ಬಂದವನು. ಎದುರಿಸಿದರೆ ಗಂಡನೂ ಊರೂ ಅವಳ ಕಡೆಗೇ. ಎಮಿಲಿಯಾಗೆ ಕಿಂಡಿ ಇರುವುದು ಅವಳ ಮನೆಯೊಳಗೆ. ತೂರಿ ಬಂದವನು ಗಂಡನೇ. ಮೊದಲು ಅವಳೇ ಅವನಿಗೆ ದಾರಿ ಬಿಟ್ಟಿದ್ದಾಳೆ. ಹಾಗಾಗಿ ಒನಕೆ ಎತ್ತಲು ಅವಳಿಗೆ ಐದನೇ ಅಂಕದವರೆಗೆ ಹೊತ್ತು ಹಿಡಿಯಿತು. ಓಬವ್ವನ ಧೈರ್ಯ ಕಂಡ ಕೂಡಲೇ ಎದ್ದದ್ದು, ಇವಳದ್ದು ತಡವಾಗಿ ಎದ್ದದ್ದು. ತಡವಾಗಿದ್ದರೂ ಅದು ಧೈರ್ಯವೇ. ನಮ್ಮ ಹುಡುಗಿಗೆ ಇಷ್ಟು ಹೇಳಿದ್ದು ತುಂಬಾ ಸಹಾಯ ಮಾಡಿತು.

ಕರವಸ್ತ್ರ ಎಂಥದ್ದಿರಬೇಕು?

ಜೇಬಿನ ಕರ್ಚೀಫು ಬೇಡ. ತಲೆಗೆ ಕಟ್ಟಲು ಹೋಗುವಷ್ಟು ದೊಡ್ಡದಿರಲಿ. ಮೂಲದಲ್ಲಿ ಸ್ಟ್ರಾಬೆರಿ ಹಣ್ಣಿನ ಕಸೂತಿ ಇದೆ. ಬಿಳಿ ಬಟ್ಟೆ, ಕೆಂಪು ದಾರ, ದೂರಕ್ಕೆ ಕಂಡರೆ ಸಾಕು. ತಾಲೀಮಿನ ಮೊದಲ ದಿನದಿಂದ ಅದೇ ಬಟ್ಟೆ ಬಳಸಿ. ಸಾಣೇಹಳ್ಳಿಯಂಥ ಬಯಲು ರಂಗಮಂದಿರದಲ್ಲಿ ಆಡುವುದಾದರೆ ಗಾಳಿಗೆ ಹಾರದಂತೆ ಅಂಚಿಗೆ ದಪ್ಪ ಮಡಿಕೆ ಹೊಲಿಸಿ.

ಪರೀಕ್ಷೆಯಲ್ಲಿ ಎಮಿಲಿಯಾ ಪಾತ್ರದ ಬಗ್ಗೆ ಬಂದರೆ ಹೇಗೆ ಬರೆಯಲಿ?

ನಿಷ್ಠಾವಂತೆ, ಧೈರ್ಯವಂತೆ, ಮುಗ್ಧೆ ಎಂದು ಗುಣಗಳ ಪಟ್ಟಿ ಮಾಡಬೇಡಿ. ಮೂರು ಜಾಗ ಹಿಡಿಯಿರಿ. ಸೈಪ್ರಸ್ ದಡದಲ್ಲಿ ಮಾತಿಲ್ಲದವಳು, ಕರವಸ್ತ್ರ ಹುಡುಕುವಾಗ ಮಾತು ನುಂಗಿದವಳು, ಕೊನೆಯಲ್ಲಿ ತಡೆದರೂ ನಿಲ್ಲದವಳು. ಈ ಮೂವರೂ ಒಬ್ಬಳೇ ಹೇಗೆ ಎಂದು ವಿವರಿಸಿದರೆ ಉತ್ತರ ತಾನಾಗಿ ಬರುತ್ತದೆ. ಚಿಂತಿಯೊ ಕಥೆಯ ಬದಲಾವಣೆಗೆ ಒಂದು ಪ್ಯಾರಾ ಕೊಡಿ.

ಎಮಿಲಿಯಾ ಸತ್ತ ಮೇಲೆ ಹೆಣ ಎಲ್ಲಿರಬೇಕು?

ಇದನ್ನು ಕೇಳಿದವಳು ಪಾರ್ಟು ಮಾಡುವ ಹುಡುಗಿಯೇ. ಇರಿದ ಮೇಲೆ ಎಮಿಲಿಯಾ ಒಂದೇ ಒಂದು ಬೇಡಿಕೆ ಇಡುತ್ತಾಳೆ: ನನ್ನನ್ನು ನನ್ನ ಒಡತಿಯ ಪಕ್ಕದಲ್ಲಿ ಮಲಗಿಸಿ. ಅಲ್ಲಿರುವ ಗಂಡಸರು ಕೇಳಿಸಿಕೊಳ್ಳುತ್ತಾರೆ. ಅವನು ಓಡಿಹೋದ, ಹೆಂಡತಿಯನ್ನು ಕೊಂದಿದ್ದಾನೆ ಎನ್ನುತ್ತಾರೆ. ಒಬ್ಬ ಇಯಾಗೋನ ಹಿಂದೆ ಓಡುತ್ತಾನೆ, ಇನ್ನೊಬ್ಬ ಬಾಗಿಲು ಕಾಯಲು ಹೊರಗೆ ಹೋಗುತ್ತಾನೆ. ಉಳಿದವನು ಒಥೆಲೊ ಒಬ್ಬನೇ. ಅವಳನ್ನು ಎತ್ತಿ ಮಲಗಿಸಿದರು ಎಂಬ ಸೂಚನೆ ಹಳೆಯ ಪ್ರತಿಗಳಲ್ಲಿ ಇಲ್ಲ. ಡೆಸ್ಡಿಮೋನಾ ಹಾಡಿದ ವಿಲೋ ಹಾಡಿನ ತುಣುಕನ್ನು ಗುನುಗುತ್ತಾಳೆ, ಅವಳು ಶುದ್ಧಳಾಗಿದ್ದಳು, ನಿನ್ನನ್ನು ಪ್ರೀತಿಸಿದ್ದಳು ಎಂದು ಒಥೆಲೊಗೆ ಹೇಳಿ ಸಾಯುತ್ತಾಳೆ. ಕೊನೆಯಲ್ಲಿ ಡೆಸ್ಡಿಮೋನಾಳ ನೆಂಟ ಲೊಡೊವಿಕೊ ಹಾಸಿಗೆಯ ಮೇಲಿನ ಹೆಣಗಳನ್ನು ತೋರಿಸಿ ಮಾತಾಡುವಾಗ ಅವಳ ಹೆಸರು ಬರುವುದಿಲ್ಲ.

ಯಾರಾದರೂ ಎತ್ತಿ ಮಲಗಿಸಲಿ ಎಂದು ನಾನು ಮೊದಲು ಅಂದುಕೊಂಡಿದ್ದೆ. ಹುಡುಗಿ ಒಪ್ಪಲಿಲ್ಲ. "ಯಾರೂ ಎತ್ತಲ್ಲ ಸರ್, ನಾನೇ ಹೋಗ್ತೀನಿ" ಎಂದಳು. ಈಗ ನಮ್ಮ ನಾಟಕದಲ್ಲಿ ಅವಳು ಹಾಡು ಗುನುಗುತ್ತಾ ನೆಲದ ಮೇಲೆ ತೆವಳಿಕೊಂಡು ಮಂಚದ ಕಡೆ ಹೋಗುತ್ತಾಳೆ. ಕೈ ಹಾಸಿನ ಅಂಚಿಗೆ ಸಿಗುತ್ತದೆ. ಮೇಲೆ ಹತ್ತಲು ಆಗುವುದಿಲ್ಲ. ಆ ಅಂಚು ಹಿಡಿದುಕೊಂಡೇ ಇರುತ್ತಾಳೆ, ಪರದೆ ಬೀಳುವ ತನಕ.